ಚಳಿಗಾಲದ ಕಡಲನ್ನೂ ಅಳೆಯಬೇಕು

ಮಾನ್ಯರೇ,

ನಾವು ಹೊರಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ನುಂಗುತ್ತದೆ. ಆದರೆ ಅಂಟಾರ್ಕ್ಟಿಕಾ ಸುತ್ತಲಿನ ಸಮುದ್ರಕ್ಕೆ ಚಳಿಗಾಲದಲ್ಲಿ ಹಡಗು ಹೋಗುವುದೇ ಅಪರೂಪ. ಸಿಗುತ್ತಿದ್ದುದು ಹೆಚ್ಚಾಗಿ ಬೇಸಿಗೆಯ ಅಳತೆ. 2019ರಲ್ಲಿ ಸೇಲ್‌ಡ್ರೋನ್ ಎಂಬ ನಾವಿಕರಿಲ್ಲದ ಹಾಯಿದೋಣಿ ನ್ಯೂಜಿಲೆಂಡಿನಿಂದ ಹೊರಟು, 196 ದಿನಗಳಲ್ಲಿ ಅಂಟಾರ್ಕ್ಟಿಕಾವನ್ನೇ ಸುತ್ತಿ ಬಂತು. ನೀರಿನಲ್ಲೂ ಗಾಳಿಯಲ್ಲೂ ಈ ಅನಿಲ ಎಷ್ಟಿದೆ ಎಂದು ದಾರಿಯುದ್ದಕ್ಕೂ ನೋಡಿತು. ನೀರಿನಲ್ಲಿ ಜಾಸ್ತಿ ಇದ್ದರೆ ಅನಿಲ ಹೊರಗೆ, ಗಾಳಿಯಲ್ಲಿ ಜಾಸ್ತಿ ಇದ್ದರೆ ಒಳಗೆ. ಚಳಿಗಾಲದಲ್ಲಿ ಕೆಲವೆಡೆ ಕಡಲೇ ಅನಿಲ ಉಗುಳುತ್ತಿತ್ತು!

ಮುಂಗಾರಿನಲ್ಲಿ ನಮ್ಮ ಅರಬ್ಬಿ ಸಮುದ್ರದ ಕೆಲವು ಕಡೆಯೂ ಆಳದ ನೀರು ಮೇಲೆ ಬಂದು ಅನಿಲ ಬಿಡುತ್ತದೆ. ಅಂಥ ಅಬ್ಬರದಲ್ಲಿ ಹಡಗಿನಿಂದ ಅಳೆಯುವುದು ಕಷ್ಟ ಅಲ್ವಾ? ನಮ್ಮ ವಿಜ್ಞಾನ ಸಂಸ್ಥೆಗಳು ಮಳೆಗಾಲದಲ್ಲೇ ಇಂಥ ದೋಣಿಗಳನ್ನು ಇಲ್ಲಿಗೂ ಇಳಿಸಲಿ.

– ಓದುಗ, ಕಾರವಾರ