ರಾಜೀನಾಮೆಯ ನೋಟಿಸ್ ಅವಧಿ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಕಲಬುರಗಿಯ ದಾಲ್ ಮಿಲ್, ಅಂಗಡಿ ಮತ್ತು ಖಾಸಗಿ ಕಚೇರಿಗಳಲ್ಲಿ ದುಡಿಯುವ ನಿಮ್ಮಲ್ಲಿ ಹಲವರು, ಕೆಲಸ ಬಿಡುವುದಾದರೆ ಎಷ್ಟು ದಿನ ಮುಂಚೆ ತಿಳಿಸಬೇಕೆಂದು ವಿಚಾರಿಸಿದ್ದೀರಿ. ಮೊದಲು ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ನೋಡಿ. ಸಾಮಾನ್ಯವಾಗಿ ಅದರಲ್ಲಿ ಬರೆದಿರುವ ಅವಧಿಯೇ ನಿಮಗೆ ಅನ್ವಯಿಸುತ್ತದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ 39ನೇ ಪ್ರಕರಣದಲ್ಲಿರುವ ಒಂದು ತಿಂಗಳ ನೋಟಿಸು, ಸತತವಾಗಿ 6 ತಿಂಗಳು ದುಡಿದ ನೌಕರನನ್ನು ತೆಗೆದುಹಾಕುವ ಮಾಲೀಕನಿಗೆ ಸಂಬಂಧಿಸಿದ್ದೇ ಹೊರತು ರಾಜೀನಾಮೆ ಕೊಡುವವರಿಗಲ್ಲ; ಇವೆರಡನ್ನೂ ಒಂದೇ ಎಂದು ತಿಳಿದು ಅನೇಕರು ಗೊಂದಲಕ್ಕೀಡಾಗುತ್ತಾರೆ.

ಅವಧಿಗೆ ಮುನ್ನವೇ ಬಿಡಬೇಕಾದರೆ ಬಾಕಿ ದಿನಗಳ ಸಂಬಳ ಕಡಿತಕ್ಕೆ ಪತ್ರದಲ್ಲಿ ಅವಕಾಶವಿದೆಯೇ ಎಂಬುದನ್ನೂ ಓದಿಕೊಳ್ಳಿ.

ಹಿಂದೊಮ್ಮೆ ನಾನು ಬಾಯಿಮಾತಿನಲ್ಲಷ್ಟೇ ತಿಳಿಸಿ ಬಂದು, ‘ನೀವು ಹೇಳಿಯೇ ಇಲ್ಲ’ ಎಂಬ ಉತ್ತರ ಕೇಳಿ, ಇಡೀ ತಿಂಗಳ ಸಂಬಳ ಕಳೆದುಕೊಂಡೆ. ನಿಮಗೆ ಹಾಗಾಗಬಾರದು. ರಾಜೀನಾಮೆ ಪತ್ರದ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ ಸಮೇತ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ. ಅವರು ನಿರಾಕರಿಸಿದರೆ ಅಂದೇ ಇ-ಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಮೂಲಕವೂ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ.

ಸಂದೇಹವಿದ್ದವರು ನೇಮಕಾತಿ ಪತ್ರದ ಸಂಬಂಧಪಟ್ಟ ಪುಟವನ್ನು ಮಾತ್ರ, ಹೆಸರು ಮರೆಮಾಡಿ, ಗುಂಪಿಗೆ ಹಾಕಿರಿ.