ಸೋಲಿಗೂ ಒಂದೇ ಅಳತೆಗೋಲು ಇರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ದಿಗ್ಗಜರಲ್ಲಿ ಯಾರು ಶ್ರೇಷ್ಠ ಎಂಬ ಚರ್ಚೆ ಎದ್ದಾಗಲೆಲ್ಲ ‘ಫೈನಲ್‌ನಲ್ಲಿ ಮೈಕಲ್ ಜೋರ್ಡನ್ 6ಕ್ಕೆ 6 ಗೆಲುವು, ಲೆಬ್ರಾನ್ ಜೇಮ್ಸ್ 10ರಲ್ಲಿ 4’ ಎಂದು ಹೇಳಿ ಮಾತು ಮುಗಿಸಿಬಿಡುತ್ತಾರೆ. ಈ ಲೆಕ್ಕದಲ್ಲಿ ಫೈನಲ್‌ವರೆಗೆ ಬಂದು ಸೋತವನಿಗೆ ಕಳಂಕ, ಪ್ಲೇಆಫ್ (ಲೀಗ್ ಹಂತದ ನಂತರದ ನಾಕೌಟ್ ಸರಣಿಗಳು) ಮೊದಲ ಸುತ್ತಿನಲ್ಲೇ ಸೋತವನಿಗೆ ಏನೂ ಇಲ್ಲ. 1985ರಲ್ಲಿ ಮಿಲ್ವಾಕಿ, 1986 ಮತ್ತು 1987ರಲ್ಲಿ ಬಾಸ್ಟನ್ ತಂಡಗಳು ಜೋರ್ಡನ್ ಅವರ ಶಿಕಾಗೊ ಬುಲ್ಸ್ ತಂಡವನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದ್ದವು. ಆಮೇಲಿನ ಮೂರು ವರ್ಷ ಡೆಟ್ರಾಯಿಟ್ ಅಡ್ಡ ನಿಂತಿತು. ಆರು ಸೋಲುಗಳು ‘6ಕ್ಕೆ 6’ರಲ್ಲಿ ಎಲ್ಲಿಯೂ ಕಾಣುವುದಿಲ್ಲ.

1995ರಲ್ಲಿ ಒರ್ಲಾಂಡೊ ವಿರುದ್ಧದ ಪ್ಲೇಆಫ್ ಸರಣಿಯ ಮೊದಲ ಪಂದ್ಯವನ್ನೇ ನೋಡಿ. ಕೊನೆಯ ಸೆಕೆಂಡುಗಳಲ್ಲಿ ಬುಲ್ಸ್ 91–90ರಿಂದ ಮುಂದಿತ್ತು. ಚೆಂಡು ಜೋರ್ಡನ್ ಕೈಯಲ್ಲಿತ್ತು. ಒರ್ಲಾಂಡೊದ ನಿಕ್ ಆಂಡರ್ಸನ್ ಹಿಂದಿನಿಂದ ಬಂದು ಅದನ್ನು ತಟ್ಟಿ ಕಸಿದರು, ಅದೇ ತಂಡದ ಹೊರೇಸ್ ಗ್ರ್ಯಾಂಟ್ ಡಂಕ್ ಮಾಡಿದರು (ಚೆಂಡನ್ನು ಮೇಲಿಂದ ಬುಟ್ಟಿಗೆ ತುರುಕಿದರು). ಬುಲ್ಸ್ 94–91ರಿಂದ ಸೋತಿತು, ಜೋರ್ಡನ್ ಆ ಪಂದ್ಯದಲ್ಲಿ 8 ಬಾರಿ ಚೆಂಡು ಕಳೆದುಕೊಂಡಿದ್ದರು. ‘ಬೇಸ್‌ಬಾಲ್‌ನಿಂದ ಆಗಷ್ಟೇ ಮರಳಿದ್ದರು, ಲೀಗ್ ಹಂತದಲ್ಲಿ ಆಡಿದ್ದು 17 ಪಂದ್ಯ ಮಾತ್ರ’ ಎಂಬ ಸಮಜಾಯಿಷಿ ನ್ಯಾಯವಾದುದೇ. ಆದರೆ 2015ರ ಫೈನಲ್‌ನಲ್ಲಿ ಲೆಬ್ರಾನ್ ಅವರ ಸಹ ಆಟಗಾರ ಕೆವಿನ್ ಲವ್ ಇರಲಿಲ್ಲ, ಮೊದಲ ಪಂದ್ಯದಲ್ಲೇ ಮತ್ತೊಬ್ಬ ಸಹ ಆಟಗಾರ ಇರ್ವಿಂಗ್ ಗಾಯಗೊಂಡರು. ಲೆಬ್ರಾನ್ ಸರಾಸರಿ 35.8 ಅಂಕ, 13.3 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು ಹಿಡಿಯುವುದು) ಗಳಿಸಿ ಸೋತರು. ಅವರಿಗೆ ಆ ರಿಯಾಯಿತಿ ಯಾಕಿಲ್ಲ?

ಹಾಗೆಂದು ಲೆಬ್ರಾನ್‌ಗೆ ಮಾಫಿ ಕೇಳುತ್ತಿಲ್ಲ. 2011ರಲ್ಲಿ ಅವರ ಸರಾಸರಿ ಲೀಗ್ ಹಂತದ 26.7ರಿಂದ ಫೈನಲ್‌ನಲ್ಲಿ 17.8ಕ್ಕೆ ಕುಸಿಯಿತು. ನಾಲ್ಕನೇ ಪಂದ್ಯದಲ್ಲಿ ಅವರು ಗಳಿಸಿದ್ದು 8 ಅಂಕ, ಅವರ ಆಗಿನ ತಂಡ ಮಯಾಮಿ ಸೋತದ್ದು 3 ಅಂಕಗಳಿಂದ. ಅದು ನಿಜವಾದ ವೈಫಲ್ಯ. 2006ರಲ್ಲಿ ಫೀನಿಕ್ಸ್ ವಿರುದ್ಧದ ಏಳನೇ ಪಂದ್ಯದ ಉತ್ತರಾರ್ಧದಲ್ಲಿ ಲಾಸ್ ಏಂಜಲೀಸ್ ಲೇಕರ್ಸ್‌ ತಂಡದ ಕೋಬಿ ಬ್ರಯಾಂಟ್ ಬರೀ 3 ಶಾಟ್ ಎಸೆದು 1 ಅಂಕ ಗಳಿಸಿದ್ದೂ ಅಷ್ಟೇ ದೊಡ್ಡದು. ಅದನ್ನು ನೆನಪಿಸುವವರು ಕಡಿಮೆ.

ಅಳೆಯುವುದಾದರೆ ಲೀಗ್ ಹಂತದ ಸರಾಸರಿಗಿಂತ ಆಟಗಾರ ಎಷ್ಟು ಕುಸಿದ, ಎಷ್ಟು ಬಾರಿ ಚೆಂಡು ಕಳೆದುಕೊಂಡ, ಜತೆಗೆ ಯಾರಿದ್ದರು, ಎದುರಾಳಿ ಎಂಥದ್ದು ಎಂಬುದನ್ನು ಪ್ರತಿ ಸರಣಿಗೂ ಕೇಳಬೇಕು. 1969ರ ಫೈನಲ್‌ನಲ್ಲಿ ಸೋತ ಲೇಕರ್ಸ್‌ನ ಜೆರ್ರಿ ವೆಸ್ಟ್ ಅವರಿಗೇ ಸರಣಿಶ್ರೇಷ್ಠ ಪ್ರಶಸ್ತಿ ಬಂದಿತ್ತು. ಸೋಲನ್ನೂ ಆಟವನ್ನೂ ಬೇರೆ ಮಾಡಿ ನೋಡುವುದು ಅಂದಿನವರಿಗೆ ಗೊತ್ತಿತ್ತು.

ಕ್ರೀಡಾ ಪುಟದಲ್ಲಿ ದಿಗ್ಗಜರ ಹೋಲಿಕೆಯ ಪಟ್ಟಿ ಕೊಡುವಾಗ ಫೈನಲ್‌ಗಳನ್ನಷ್ಟೇ ಅಲ್ಲ, ಮೊದಲ ಸುತ್ತಿನಿಂದ ಎಲ್ಲ ಪ್ಲೇಆಫ್ ಸರಣಿಗಳ ಫಲಿತಾಂಶವನ್ನೂ ಹಾಕಬೇಕೆಂದು ಕೋರುತ್ತೇವೆ.

– ಬ್ಯಾಸ್ಕೆಟ್‌ಬಾಲ್ ಆಸಕ್ತ ಓದುಗರು