ಬಾವಿಗಿಳಿದು ಮೇಲೆ ಬಾರದವರ ನೆನಪಿಗೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಫೆಬ್ರವರಿ ಕೊನೆಯ ಶುಕ್ರವಾರ ನಮ್ಮ ಶಾಲೆಯಲ್ಲಿ ಒಬ್ಬ ಅಗ್ನಿಶಾಮಕ ಸಿಬ್ಬಂದಿಯನ್ನು ನೆನೆಯಲಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ಕೇರಳದ ಕೊಲ್ಲಂ ಜಿಲ್ಲೆಯ ನೆಡುವತ್ತೂರಿನಲ್ಲಿ ನಡುರಾತ್ರಿ ಒಬ್ಬ ಮಹಿಳೆ ಬಾವಿಗೆ ಬಿದ್ದಿದ್ದರು. ಅವರನ್ನು ಮೇಲೆತ್ತಲು ಈ ಸಿಬ್ಬಂದಿ ಇಳಿದರು. ಬಾವಿಯ ಕಟ್ಟೆ ಕುಸಿದು ಬಿತ್ತು. ಆ ಮಹಿಳೆ, ಮೇಲೆ ನಿಂತಿದ್ದ ಒಬ್ಬ ಯುವಕ, ಇವರು, ಮೂವರೂ ಉಳಿಯಲಿಲ್ಲ.

ದೇಶದಲ್ಲಿ ಅಗ್ನಿಶಾಮಕ ದಿನ ಎಂದು ಆಚರಿಸುವುದು ಏಪ್ರಿಲ್ 14ನ್ನು. ಆಗ ನಮಗೆ ಬೇಸಿಗೆ ರಜೆ, ಮನೆಗಳಲ್ಲಿ ಬಿಸು ಹಬ್ಬದ ಗಡಿಬಿಡಿ. ಹಾಗಾಗಿ ಪರೀಕ್ಷೆಗೆ ಮೊದಲೇ ಇಟ್ಟುಕೊಂಡಿದ್ದೇವೆ. ಆ ದಿನದ ಹಿಂದಿನ ಕಥೆಯನ್ನು ಏಳನೇ ತರಗತಿಯ ಮಕ್ಕಳು ಎಲ್ಲರಿಗೂ ಹೇಳುತ್ತಾರೆ. 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿಯ ಮೂಟೆಗಳ ಜೊತೆಗೇ ಸ್ಫೋಟಕಗಳನ್ನೂ ತುಂಬಿದ್ದರು. ನೀರು ಹಾಯಿಸುತ್ತಾ ನಿಂತಿದ್ದಾಗಲೇ ಹಡಗು ಸಿಡಿಯಿತು. 66 ಮಂದಿ ಅಗ್ನಿಶಾಮಕರು ಸತ್ತರು. ನಮ್ಮ ರಾಜ್ಯದಲ್ಲೇ 2023ರ ಮೇ ತಿಂಗಳಲ್ಲಿ ತಿರುವನಂತಪುರದ ತುಂಬದಲ್ಲಿ ಔಷಧ ಗೋದಾಮಿಗೆ ಬೆಂಕಿ ಬಿದ್ದಾಗ, ಕಟ್ಟಡದ ಭಾಗ ಮೈಮೇಲೆ ಕುಸಿದು ಇನ್ನೊಬ್ಬ ಯುವ ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಮನೆಯವರು ಅವರ ಕಣ್ಣುಗಳನ್ನು ದಾನ ಮಾಡಿದರು.

ಇಷ್ಟೆಲ್ಲ ಇದ್ದೂ ನೆಡುವತ್ತೂರಿನವರನ್ನೇ ಯಾಕೆ ಆರಿಸಿಕೊಂಡೆವು ಅಂದರೆ, ಬಾವಿಯ ಕಾರಣಕ್ಕೆ. ನೆಡುವತ್ತೂರು ದೂರವೇ. ಆದರೆ ಬಾವಿ ನಮ್ಮಲ್ಲಿ ಮನೆಗೊಂದು ಇದೆ. ಆಡು ಬಿದ್ದರೂ ಫೈರ್‌ಫೋರ್ಸ್‌ಗೆ ಫೋನ್, ಮನುಷ್ಯರು ಬಿದ್ದರೂ ಫೈರ್‌ಫೋರ್ಸ್‌ಗೆ ಫೋನ್. ನಾವು ಫೋನಿಟ್ಟು ಮೇಲೆ ನಿಲ್ಲುತ್ತೇವೆ, ಅವರು ಇಳಿಯುತ್ತಾರೆ.

ಈ ವಿಷಯ ತರಗತಿಯಲ್ಲಿ ಬಂದಾಗ ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಅವರಿಗೆ ಹೆದರಿಕೆ ಆಗಿರಲಿಲ್ವಾ ಟೀಚರ್?’ ಆಗಿರುತ್ತದೆ ಅಂದೆ. ಅವರಿಗೂ ಮನೆ ಇತ್ತು, ಕಾಯುವವರಿದ್ದರು. ಹೆದರಿಕೆ ಇಲ್ಲದ ವೀರ ಎಂದು ಮಕ್ಕಳಿಗೆ ಹೇಳುವುದು ನನಗೆ ಇಷ್ಟವಿಲ್ಲ. ಅಪಾಯ ಗೊತ್ತಿದ್ದೂ ಹಗ್ಗ ಹಿಡಿದು ಇಳಿದರು, ಅದೂ ಗುರುತಿಲ್ಲದ ಒಬ್ಬರಿಗಾಗಿ. ಮಕ್ಕಳಿಗೆ ಗೊತ್ತಾಗಬೇಕಾದದ್ದು ಅದು. ಒಂದು ವಿನಂತಿ: ಆ ಮಹಿಳೆ ಯಾಕೆ ಬಾವಿಗೆ ಬಿದ್ದರು ಎಂಬ ಮಾತನ್ನು ನಾವು ಶಾಲೆಯಲ್ಲಿ ಎತ್ತುವುದಿಲ್ಲ. ಮನೆಯಲ್ಲೂ ಮಕ್ಕಳ ಮುಂದೆ ಅದು ಬೇಡ.

ಭಾಷಣಗಳು ಜಾಸ್ತಿ ಇರುವುದಿಲ್ಲ. ಒಂದು ನಿಮಿಷ ಮೌನ, ಆಮೇಲೆ ಅವರ ಕೆಲಸ ಹೇಗಿರುತ್ತದೆ ಎಂದು ಮಕ್ಕಳು ಹತ್ತಿರದಿಂದ ನೋಡುತ್ತಾರೆ. ಅಗ್ನಿಶಾಮಕ ಠಾಣೆಯಿಂದ ಬರುವವರು ಹಗ್ಗ, ಬಲೆ, ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್ ತರುತ್ತಾರೆ. ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದಾಗ ಅದರಿಂದ ಜೋರಾಗಿ ಸೀಟಿ ಕೂಗುತ್ತದೆ. ಸೀಟಿ ಕೇಳಿದರೆ ಮೇಲೆ ಬರಲೇಬೇಕು. ಆ ಸದ್ದನ್ನು ಮಕ್ಕಳು ಒಮ್ಮೆ ಕೇಳಲಿ ಎಂದು ನಾನೇ ಕೇಳಿಕೊಂಡಿದ್ದೇನೆ.

ಸಿಲಿಂಡರ್ ಯಾಕೆ ಎಂದು ಮನೆಯಲ್ಲೂ ಹೇಳಿಕೊಡಿ. ಆಳದ ಬಾವಿಯಲ್ಲಿ ಕೆಲವೊಮ್ಮೆ ಉಸಿರಾಡುವ ಗಾಳಿಯೇ ಇರುವುದಿಲ್ಲ. ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಬ್ಬರು ತಲೆ ತಿರುಗಿ ಬಿದ್ದರು ಎಂದು ಇನ್ನೊಬ್ಬರು ಇಳಿಯುತ್ತಾರೆ, ಅವರ ಹಿಂದೆ ಮತ್ತೊಬ್ಬರು. ಹಾಗೆ ಒಂದೇ ಮನೆಯ ಇಬ್ಬರು ಮೂವರು ಹೋದ ಸುದ್ದಿ ನೀವೂ ಓದಿದ್ದೀರಿ, ಅಲ್ವಾ? ಯಾರಾದರೂ ಬಿದ್ದರೆ ಮಕ್ಕಳು ಮಾಡಬೇಕಾದದ್ದು ಕೂಗಿ ದೊಡ್ಡವರನ್ನು ಕರೆಯುವುದು, 101 ಅಥವಾ 112ಕ್ಕೆ ಫೋನ್ ಮಾಡುವುದು. ಇಳಿಯುವುದಲ್ಲ. ಕಟ್ಟೆಗೆ ಒರಗಿ ಬಗ್ಗಿ ನೋಡುವುದೂ ಅಲ್ಲ.

ಫೋನಿನ ಆ ಕಡೆಯವರು ಮಲಯಾಳದಲ್ಲೇ ಮಾತಾಡಬಹುದು. ನಮ್ಮ ಮಕ್ಕಳು ಆಟದ ಬಯಲಲ್ಲಿ ಮಲಯಾಳ, ತುಳು ಎಲ್ಲ ಆಡುತ್ತಾರೆ. ಆದರೆ ಫೋನಿನಲ್ಲಿ ಗಾಬರಿಗೆ ನಾಲಿಗೆ ತಡವರಿಸುತ್ತದೆ. ಊರು, ವಾರ್ಡ್, ಹತ್ತಿರದ ದೈವಸ್ಥಾನ ಅಥವಾ ಮಸೀದಿ, ತೋಟದ ದಾರಿಯಲ್ಲಿ ದೊಡ್ಡ ವಾಹನ ಎಲ್ಲಿಯವರೆಗೆ ಬರುತ್ತದೆ, ಇಷ್ಟನ್ನು ಕನ್ನಡದಲ್ಲೂ ಮಲಯಾಳದಲ್ಲೂ ಹೇಳಲು ಈ ವಾರ ಅಭ್ಯಾಸ ಮಾಡಿಸಿ.

ಶಾಲೆಯ ಬಾವಿಯನ್ನು ಕಳೆದ ವಾರ ಪಿಟಿಎಯವರ ಜೊತೆ ನೋಡಿದೆವು. ಹಿತ್ತಲ ಬದಿಯ ಎರಡು ಮುರಕಲ್ಲುಗಳ ನಡುವಿನ ಗಾರೆ ಪೂರ್ತಿ ಉದುರಿ ಹೋಗಿದೆ. ಕೈಯಿಟ್ಟರೆ ಕಲ್ಲು ಅಲ್ಲಾಡುತ್ತದೆ. ಅಲ್ಲಿಗೆ ಹಗ್ಗ ಕಟ್ಟಿದ್ದೇವೆ, ಕಾರ್ಯಕ್ರಮಕ್ಕೆ ಮೊದಲು ದುರಸ್ತಿ ಆಗುತ್ತದೆ, ಮೇಲೆ ಕಬ್ಬಿಣದ ಬಲೆಯೂ ಬರುತ್ತದೆ. ನಿಮ್ಮ ಮನೆಯ ಬಾವಿಕಟ್ಟೆಯನ್ನೂ ಈ ಭಾನುವಾರ ಒಮ್ಮೆ ಮುಟ್ಟಿ ನೋಡಿ. ಇಳಿಯುವವರ ತಲೆಯ ಮೇಲೆ ಬೀಳುವುದು ಆ ಕಲ್ಲುಗಳೇ. ಹೂವಿನ ಹಾರಕ್ಕಿಂತ ಈ ಕೆಲಸವೇ ಅವರಿಗೆ ಸಲ್ಲುವ ಗೌರವ ಎಂದು ನನ್ನ ನಂಬಿಕೆ.

ಶುಕ್ರವಾರ ಬೆಳಗ್ಗೆ 10 ಗಂಟೆಗೆ ಶುರು. ನೀವೂ ಬನ್ನಿ. ಪೋಷಕರಲ್ಲಿ ಯಾರಾದರೂ ಸಿವಿಲ್ ಡಿಫೆನ್ಸ್ ಸ್ವಯಂಸೇವಕರಿದ್ದರೆ ಎರಡು ದಿನ ಮೊದಲೇ ಕ್ಲಾಸ್ ಟೀಚರಿಗೆ ತಿಳಿಸಿ, ಮಕ್ಕಳ ಜೊತೆ ಮಾತಾಡಲು ನಿಮಗೂ ಸಮಯ ಇಡುತ್ತೇವೆ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ